ಮಕ್ಕಳ ಸೀಟ್ ಬೆಲ್ಟ್: ಕಾನೂನಿನ ನಡುವೆ ಕೂತ ಒಂದು 'ಅಥವಾ'

ಮಾನ್ಯ ಸಂಪಾದಕರೇ,

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಿಂದ 194ಬಿ ಎಂಬ ಕಲಮು ಸೇರಿತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಹದಿನಾಲ್ಕು ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ರಕ್ಷಣಾ ಸಾಧನದಿಂದ (ಕಾರಿನ ಸೀಟಿಗೆ ಬಿಗಿಯುವ ಮಕ್ಕಳ ಸೀಟಿನಂಥದ್ದು) ಭದ್ರಪಡಿಸದೆ ವಾಹನ ಓಡಿಸಿದರೆ, ಓಡಿಸಲು ಬಿಟ್ಟರೆ, ಒಂದು ಸಾವಿರ ರೂಪಾಯಿ ದಂಡ ಎಂದು ಅದರ ಎರಡನೇ ಉಪಕಲಮು ಹೇಳುತ್ತದೆ. ಈ ವಾಕ್ಯದ ನಡುವೆ ಕೂತಿರುವ 'ಅಥವಾ' ಎಂಬ ಪದದ ಬಗ್ಗೆ ಈ ಪತ್ರ. ಎರಡು ವರ್ಷದ ಕೂಸಿಗೂ ಹದಿಮೂರರ ಹುಡುಗನಿಗೂ ಈ ಕಲಮು ಭೇದ ಮಾಡುವುದಿಲ್ಲ. ಕೂಸಿಗೆ ದೊಡ್ಡವರ ಬೆಲ್ಟನ್ನೇ ಎಳೆದು ಸಿಕ್ಕಿಸಿ ಹೊರಟರೂ ಕಾನೂನು ಪಾಲಿಸಿದಂತೆಯೇ. ಆದರೆ ಆ ಬೆಲ್ಟು ಆ ಕೂಸನ್ನು ಹಿಡಿಯುವುದಿಲ್ಲ. ಹಿಡಿದರೂ ಹಿಡಿಯಬಾರದ ಜಾಗದಲ್ಲಿ ಹಿಡಿಯುತ್ತದೆ.

ಕಾರಿನ ಬೆಲ್ಟಿನ ಕೆಳಪಟ್ಟಿ ಕೂರಬೇಕಾದ್ದು ಸೊಂಟದ ಎಲುಬಿನ ಮೇಲೆ. ದೊಡ್ಡವರ ಸೊಂಟದ ಎಲುಬಿಗೆ ಮುಂದೆ ಒಂದು ಮೂಲೆ ಇರುತ್ತದೆ, ಪಟ್ಟಿ ಅದಕ್ಕೆ ಸಿಕ್ಕಿ ನಿಲ್ಲುತ್ತದೆ. ಮಕ್ಕಳಲ್ಲಿ ಸುಮಾರು ಹತ್ತು ವರ್ಷದವರೆಗೂ ಆ ಮೂಲೆ ಸರಿಯಾಗಿ ಬಲಿತಿರುವುದಿಲ್ಲ. ಜೋರಾಗಿ ಬ್ರೇಕ್ ಬಿದ್ದಾಗ, ಡಿಕ್ಕಿಯಾದಾಗ ಮಗು ಪಟ್ಟಿಯ ಕೆಳಗೆ ಜಾರುತ್ತದೆ, ಪಟ್ಟಿ ಹೊಟ್ಟೆಗೆ ಏರುತ್ತದೆ. ಕರುಳು, ಗುಲ್ಮ, ಬೆನ್ನುಮೂಳೆ ಮೂರಕ್ಕೂ ಪೆಟ್ಟು. ಮೇಲಿನ ಪಟ್ಟಿ ಹೆಗಲು ಬಿಟ್ಟು ಕುತ್ತಿಗೆಗೆ ಒತ್ತುತ್ತದೆ. ಕಿರಿಕಿರಿ ತಾಳದೆ ಮಗು ಅದನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುತ್ತದೆ ಅಥವಾ ಬೆನ್ನ ಹಿಂದೆ ಹಾಕಿಕೊಳ್ಳುತ್ತದೆ. ಆಗ ಉಳಿಯುವುದು ಹೊಟ್ಟೆಯ ಮೇಲಿನ ಪಟ್ಟಿ ಮಾತ್ರ. ಕಾರಿನ ಬೆಲ್ಟು ಸರಿಯಾಗಿ ಕೂರುವುದು ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದವರಿಗೆ. ನಮ್ಮಲ್ಲಿ ಐದನೇ ಕ್ಲಾಸಿನ ಎಷ್ಟೋ ಮಕ್ಕಳು ಆ ಎತ್ತರ ಮುಟ್ಟಿರುವುದಿಲ್ಲ.

ಬೆಲ್ಟಿನ ಮಾತು ದೂರವೇ ಉಳಿಯಿತು, ಹೆಚ್ಚಿನ ಮನೆಗಳಲ್ಲಿ ಮಗುವಿನ ಜಾಗ ಇನ್ನೂ ಮಡಿಲೇ. 'ನಾನು ಗಟ್ಟಿಯಾಗಿ ಹಿಡಿದುಕೊಂಡಿರ್ತೀನಿ' ಎನ್ನುವವರಿಗಾಗಿ ಒಂದು ಸಣ್ಣ ಲೆಕ್ಕ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಲ್ಲಿ ಕಾರಿನ ಮೂತಿ ಅರ್ಧ ಮೀಟರ್ ಜಜ್ಜಿ ನಿಂತಿತು ಎಂದುಕೊಳ್ಳಿ. ಸೆಕೆಂಡಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ, ಒಳಗಿನ ಪ್ರತಿ ವಸ್ತುವಿನ ಮೇಲೂ ಅದರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. 10 ಕೆ.ಜಿ.ಯ ಮಗು ಆ ಕ್ಷಣಕ್ಕೆ 200 ಕೆ.ಜಿ., ಅಂದರೆ 25 ಕೆ.ಜಿ.ಯ ಎಂಟು ಅಕ್ಕಿ ಮೂಟೆ. ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು. ತನ್ನ ಬೆಲ್ಟನ್ನೇ ಮಗುವಿಗೂ ಸೇರಿಸಿ ಸುತ್ತಿಕೊಳ್ಳುವುದು ಇನ್ನೂ ಕೆಟ್ಟದ್ದು: ಹಿಂದಿನಿಂದ 60 ಕೆ.ಜಿ.ಯ ಮೈ 1,200 ಕೆ.ಜಿ.ಯಾಗಿ ಒತ್ತುತ್ತದೆ, ಮುಂದೆ ಬೆಲ್ಟು ತಡೆಯುತ್ತದೆ, ನಡುವೆ ಮಗು. ಇದೇ ಲೆಕ್ಕವನ್ನು ಬೀಳುವ ಎತ್ತರಕ್ಕೆ ತಿರುಗಿಸಿದರೆ 50ರ ವೇಗದ ಡಿಕ್ಕಿ ಎಂದರೆ ಸುಮಾರು 10 ಮೀಟರ್ ಮೇಲಿನಿಂದ, ಅಂದರೆ ಮೂರು ಮಹಡಿಯಿಂದ ಬಿದ್ದ ಹಾಗೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ ಬಿಟ್ಟಿರುವ 100ರ ಮಿತಿಯಲ್ಲಿ ಅದು 39 ಮೀಟರ್. ವೇಗ ಇಮ್ಮಡಿಯಾದರೆ ಎತ್ತರ ನಾಲ್ಕು ಪಟ್ಟಾಗುತ್ತದೆ. ಬಾಲ್ಕನಿಗೆ ಗ್ರಿಲ್ ಹಾಕಿಸದೆ ಮಗುವನ್ನು ಬಿಡದ ಮನೆಯವರೇ ಇದಕ್ಕೆ ತಲೆ ಕೆಡಿಸಿಕೊಳ್ಳದಿರುವುದು ವಿಚಿತ್ರ.

ಸ್ಕೂಟರಿನ ವಿಷಯದಲ್ಲಿ ಇದೇ ಕೇಂದ್ರ ಸರ್ಕಾರ ಹೀಗೆ ತೇಲಿಸಿ ಬರೆದಿಲ್ಲ. 2022ರ ಫೆಬ್ರುವರಿಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 138ಕ್ಕೆ ಸೇರಿಸಿದ ಭಾಗವನ್ನು ಓದಿ ನೋಡಿ. ನಾಲ್ಕು ವರ್ಷ ತುಂಬದ ಮಗುವನ್ನು ದ್ವಿಚಕ್ರದಲ್ಲಿ ಕರೆದೊಯ್ದರೆ ಸವಾರನಿಗೆ ಮಗುವನ್ನು ಬಿಗಿಯುವ ಹಾರ್ನೆಸ್ ಬೇಕು. ಅದು ಹಗುರವಾಗಿರಬೇಕು, ನೀರಿಗೆ ಜಗ್ಗಬಾರದು, 30 ಕೆ.ಜಿ. ತಡೆಯಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ತಲೆಗೆ ಹೊಂದುವ ಹೆಲ್ಮೆಟ್ ಬೇಕು, ವೇಗ 40 ದಾಟಬಾರದು. ವಯಸ್ಸು, ತೂಕ, ವೇಗ ಎಲ್ಲವೂ ಅಂಕಿಯಲ್ಲಿದೆ. ಪಾಲಿಸುವವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಸ್ಕೂಟರಿನ ಮುಂದಿನ ಹಲಗೆಯ ಮೇಲೆ ಮಗುವನ್ನು ನಿಲ್ಲಿಸಿಕೊಂಡು ಹೋಗುವುದು ಇವತ್ತಿಗೂ ಊರೂರಿನ ದೃಶ್ಯ, ಬ್ರೇಕ್ ಹಿಡಿದರೆ ಮಗುವಿನ ಹಲ್ಲು ಹ್ಯಾಂಡಲ್ಲಿಗೆ. ಹಾರ್ನೆಸ್ಸು ಕೂಡ ಕಾರಿನ ಸೀಟಿಗೆ ಸಮವಲ್ಲ. ಮಗು ತೂಕಡಿಸಿ ಪಕ್ಕಕ್ಕೆ ವಾಲುವುದನ್ನು ತಡೆಯುತ್ತದೆ, ಸವಾರ ಬಿದ್ದರೆ ಮಗುವೂ ಜೊತೆಗೆ ಬೀಳುತ್ತದೆ. ಆದರೂ ಸ್ಕೂಟರಿಗೆ ಇಷ್ಟು ಬಿಡಿಸಿ ಬರೆಯಬಲ್ಲವರು ಕಾರಿಗೆ ಮಾತ್ರ 'ಅಥವಾ' ಎಂದು ಬಿಟ್ಟದ್ದು ಏಕೆ?

ಪಕ್ಕದ ಕೇರಳ ಒಮ್ಮೆ ಕೈ ಹಾಕಿತ್ತು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸಾರಿಗೆ ಆಯುಕ್ತರು ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು, ನಾಲ್ಕು ದಾಟಿದ, 135 ಸೆಂಟಿಮೀಟರ್ ಮುಟ್ಟದ ಮಕ್ಕಳಿಗೆ ಬೂಸ್ಟರ್ (ಮಗುವನ್ನು ಎತ್ತರಿಸುವ ಪೀಠ) ಎಂದು ಹೇಳಿ, ಮೊದಲು ತಿಳಿವಳಿಕೆ, ಆಮೇಲೆ ಎಚ್ಚರಿಕೆ, ಡಿಸೆಂಬರಿನಿಂದ ದಂಡ ಎಂದು ಪ್ರಕಟಿಸಿದರು. ಕೂಗಾಟವೆದ್ದಿತು, ಸಾರಿಗೆ ಸಚಿವರು ದಂಡವಿಲ್ಲ ಎಂದುಬಿಟ್ಟರು. ಆ ಎರಡು ಅಂಕಿಗಳಲ್ಲಿ ತಪ್ಪೇನೂ ಇರಲಿಲ್ಲ. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟು ಬೇಕು. ಜರ್ಮನಿಯಲ್ಲಿ 12 ವರ್ಷ ಅಥವಾ 150. ಅಮೆರಿಕದ ಟೆನೆಸಿ ರಾಜ್ಯ ಮೊದಲ ಕಾನೂನು ಜಾರಿಗೆ ತಂದದ್ದು 1978ರಲ್ಲಿ. ಏಳೇ ವರ್ಷದಲ್ಲಿ ಉಳಿದ ರಾಜ್ಯಗಳೂ ತಂದವು. ಅಲ್ಲಿರುವ ಕನ್ನಡದ ದಂಪತಿಗಳು ಕಾರ್ ಸೀಟಿಲ್ಲದೆ ಮಗುವನ್ನು ಹೆರಿಗೆ ಆಸ್ಪತ್ರೆಯಿಂದ ಕಾರಿಗೆ ಹತ್ತಿಸುವುದಿಲ್ಲ. ರಜೆಗೆ ಊರಿಗೆ ಬಂದವರು ಅದೇ ಮಗುವನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಡುತ್ತಾರೆ. ಶಿರಾಡಿ ಘಾಟಿಯ ತಿರುವುಗಳಿಗೆ ಪಾಸ್‌ಪೋರ್ಟ್ ಗೊತ್ತಾಗುವುದಿಲ್ಲ.

ಸೀಟು ಕೊಂಡವರೂ ಎಡವುವುದು ಕೂರಿಸುವಾಗ. ನಮ್ಮ ಕಾರುಗಳಿಗೇ ವಿಶೇಷವಾದ ಕೆಲವು ತೊಡಕುಗಳಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಮೊದಲನೆಯದು ಸೀಟ್ ಕವರ್. ಹೊಸ ಕಾರು ಮನೆಗೆ ಬರುವ ಮೊದಲೇ ದಪ್ಪ ರೆಕ್ಸಿನ್ ಕವರ್ ಹೊಲಿಸುವುದು ನಮ್ಮ ರೂಢಿ. ಹಿಂದಿನ ಸೀಟಿನ ಬಕಲ್‌ಗಳು ಅದರ ಅಡಿಯಲ್ಲಿ ಹೂತುಹೋಗುತ್ತವೆ. ಐಸೋಫಿಕ್ಸ್ ಎಂಬ ಎರಡು ಉಕ್ಕಿನ ಕಂಬಿಗಳು, ಬೆನ್ನೊರಗೂ ಕೂರುವ ಮೆತ್ತೆಯೂ ಸೇರುವ ಸಂದಿಯಲ್ಲಿ 28 ಸೆಂಟಿಮೀಟರ್ ಅಂತರದಲ್ಲಿರುವವು, ಕವರಿನ ಹಿಂದೆ ಮುಚ್ಚಿಹೋಗುತ್ತವೆ. ಕಾರಿನಲ್ಲಿ ಅವು ಇವೆ ಎಂಬುದೇ ಎಷ್ಟೋ ಮಾಲೀಕರಿಗೆ ತಿಳಿದಿರುವುದಿಲ್ಲ. ಜೊತೆಗೆ ನುಣುಪು ರೆಕ್ಸಿನ್ ಮೇಲೆ ಮಗುವಿನ ಸೀಟು ಜಾರುತ್ತದೆ. ಕವರ್ ಬೇಕೇ ಬೇಕೆಂದರೆ ಬಕಲ್‌ಗೂ ಕಂಬಿಗೂ ಕಿಂಡಿ ಬಿಡಿಸಿ ಹೊಲಿಸಿ.

ಐಸೋಫಿಕ್ಸ್ ಸೀಟಿಗೆ ಎರಡು ಕಂಬಿ ಸಾಲದು, ಮೂರನೆಯ ಆಸರೆಯೂ ಬೇಕು. ಇಲ್ಲದಿದ್ದರೆ ಡಿಕ್ಕಿಯಲ್ಲಿ ಸೀಟು ಕಂಬಿಯನ್ನೇ ಕೀಲು ಮಾಡಿಕೊಂಡು ಮುಂದಕ್ಕೆ ಮಗುಚುತ್ತದೆ. ಆ ಆಸರೆ ಸೀಟಿನ ಮಾದರಿಗೆ ತಕ್ಕಂತೆ ಮೇಲಿನ ಪಟ್ಟಿಯೋ ನೆಲಕ್ಕೂರುವ ಕಾಲೋ ಆಗಿರುತ್ತದೆ. ಮೇಲಿನ ಪಟ್ಟಿಯನ್ನು ಕಾರಿನ ಹಿಂಭಾಗದಲ್ಲಿ ಸಾಮಾನು ಕಟ್ಟುವ ಕೊಂಡಿಗೆ ಸಿಕ್ಕಿಸುವವರಿದ್ದಾರೆ, ಆ ಕೊಂಡಿ ಇಷ್ಟು ಬಲ ತಡೆಯಲಾರದು. ಸರಿಯಾದ ಕೊಂಡಿ ಎಲ್ಲಿದೆ ಎಂಬುದು ಕಾರಿನ ಕೈಪಿಡಿಯಲ್ಲಿದೆ. ಕಾಲು ಇರುವ ಸೀಟಾದರೆ ಅದು ಗಟ್ಟಿ ನೆಲಕ್ಕೆ ಊರಬೇಕು, ನೆಲದಡಿಯ ಡಬ್ಬಿಯ ಮುಚ್ಚಳದ ಮೇಲಲ್ಲ.

ಐಸೋಫಿಕ್ಸ್ ಇಲ್ಲದ ಕಾರಿನಲ್ಲಿ ಬೆಲ್ಟಿನಿಂದಲೇ ಕೂರಿಸಬೇಕು. ಬೆಲ್ಟು ಹಾಯುವ ದಾರಿಯನ್ನು ಸೀಟಿನ ಮೇಲೆ ಬಣ್ಣದಲ್ಲಿ ತೋರಿಸಿರುತ್ತಾರೆ: ಮಗು ಹಿಂದಕ್ಕೆ ಮುಖ ಮಾಡಿದ್ದರೆ ನೀಲಿ, ಮುಂದಕ್ಕಾದರೆ ಕೆಂಪು. ಬೆಲ್ಟನ್ನು ತೂರಿಸಿ, ತಿರುಚು ಬಿಡಿಸಿ, ಬಕಲ್ ಹಾಕಿ. ಒಂದು ಮೊಣಕಾಲು ಸೀಟಿನೊಳಗೆ ಊರಿ ಮೈಭಾರ ಬಿಟ್ಟು, ಹೆಗಲ ಕಡೆಯ ಪಟ್ಟಿಯನ್ನು ಎಳೆದು ಸಡಿಲ ತೆಗೆದು, ಸೀಟಿನಲ್ಲೇ ಬೆಲ್ಟು ಹಿಡಿಯುವ ಚಿಮ್ಮಟವಿದ್ದರೆ ಅದನ್ನು ಮುಚ್ಚಿ. ಆಮೇಲೆ ಬೆಲ್ಟು ಹಾಯ್ದ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ತಲೆಯ ಭಾಗ ಹಿಡಿದು ಅಲ್ಲಾಡಿಸಿ 'ಇದು ಗಟ್ಟಿಯಾಗಿಲ್ಲ' ಎಂದು ಬೇಸರಪಡಬೇಡಿ, ಅದು ಅಲ್ಲಾಡಿಯೇ ಆಡುತ್ತದೆ. ಸಣ್ಣ ಕಾರುಗಳಲ್ಲಿ ಹಿಂದಿನ ಬೆಲ್ಟು ಗಿಡ್ಡವಾಗಿ, ಹಸುಗೂಸಿನ ಬುಟ್ಟಿ ಸೀಟನ್ನು ಸುತ್ತಲು ಸಾಲದೆ ಹೋಗಬಹುದು. ಬಕಲ್‌ನ ದಂಟು ಉದ್ದವಾಗಿದ್ದರೆ ಅದು ಪ್ಲಾಸ್ಟಿಕ್ ಅಂಚಿನ ಮೇಲೆ ಬಾಗಿ ಕೂರುತ್ತದೆ, ಡಿಕ್ಕಿಯಲ್ಲಿ ಅಲ್ಲೇ ಒಡೆಯಬಹುದು. ಎರಡಕ್ಕೂ ಮನೆಮದ್ದಿಲ್ಲ. ಅದಕ್ಕೇ ಕೊಳ್ಳುವ ಮೊದಲು ನಿಮ್ಮದೇ ಕಾರಿನಲ್ಲಿ ಕೂರಿಸಿ ನೋಡಬೇಕು.

ಸೀಟಿನ ಹಿಂಬದಿಯ ಚೀಟಿ ನೋಡದೆ ದುಡ್ಡು ಕೊಡಬೇಡಿ. ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲೊಂದು ಅಂಕಿ, ಜೊತೆಗೆ ಆರ್44 ಅಥವಾ ಆರ್129 ಎಂದಿರಬೇಕು. ಇವೆರಡೂ ಮಕ್ಕಳ ಸೀಟಿನ ವಿಶ್ವಸಂಸ್ಥೆಯ ಮಾನದಂಡಗಳು. ಮೊದಲನೆಯದು ಮಗುವಿನ ತೂಕದ ಮೇಲೆ, ಎರಡನೆಯದು ಎತ್ತರದ ಮೇಲೆ. ನಮ್ಮ ಎಐಎಸ್ 072 ಮಾನದಂಡವೂ ಆರ್44ರ ದಾರಿಯದೇ. ಬಟ್ಟೆಯ ಮೆತ್ತೆಗೆ ನಾಲ್ಕು ಪಟ್ಟಿ ಹೊಲಿದು 'ಬೇಬಿ ಕಾರ್ ಸೀಟ್' ಎಂದು ಆನ್‌ಲೈನಿನಲ್ಲಿ ಮಾರುವುದಕ್ಕೆ ಗಟ್ಟಿ ಚಿಪ್ಪೂ ಇಲ್ಲ, ಚೀಟಿಯೂ ಇಲ್ಲ. ಡಿಕ್ಕಿ ಕಂಡ ಸೀಟು, ಇತಿಹಾಸ ಗೊತ್ತಿಲ್ಲದ ಹಳೆಯ ಸೀಟು ಬೇಡ.

ಯಾವ ವಯಸ್ಸಿಗೆ ಯಾವ ಕಡೆ ಮುಖ? 'ಕತ್ತು ನಿಂತಿದೆಯಲ್ಲ, ಇನ್ನು ಮುಂದಕ್ಕೆ ತಿರುಗಿಸೋಣ' ಎನ್ನುವುದು ಮನೆಮಾತು. ಮೂರು ನಾಲ್ಕು ತಿಂಗಳಿಗೆ ನಿಲ್ಲುವ ಕತ್ತು ಎದ್ದು ನೋಡಲಷ್ಟೇ ಸಾಕು, ಡಿಕ್ಕಿಗಲ್ಲ. ಹುಟ್ಟಿದ ಮಗುವಿನ ತಲೆ ಮೈಯ ಉದ್ದದ ಕಾಲು ಭಾಗ. ಕತ್ತಿನ ಮೂಳೆಗಳು ಇನ್ನೂ ಅರ್ಧ ಮೆದು. ಮುಂದಕ್ಕೆ ಮುಖ ಮಾಡಿ ಕೂತಾಗ ಪಟ್ಟಿ ಮೈಯನ್ನು ಹಿಡಿಯುತ್ತದೆ, ತಲೆ ಮುಂದಕ್ಕೆ ಹಾರುತ್ತದೆ, ಎರಡರ ನಡುವೆ ಕತ್ತು ಜಗ್ಗುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ಅದೇ ಬಲ ಬೆನ್ನು, ಕತ್ತು, ತಲೆ ಮೂರಕ್ಕೂ ಹರಡುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಇಂಥ ಸೀಟು ರೂಪಿಸಿದ್ದು, ಗಗನಯಾತ್ರಿಗಳು ಬೆನ್ನಿನ ಮೇಲೆ ಭಾರ ಹೊತ್ತು ರಾಕೆಟ್ ಏರುವ ರೀತಿಯನ್ನು ಕಂಡು. ಆರ್129 ಕನಿಷ್ಠ 15 ತಿಂಗಳು ಎನ್ನುತ್ತದೆ. ಸೀಟಿನ ಮಿತಿ ಬಿಟ್ಟಷ್ಟು ಕಾಲ ಮುಂದುವರಿಸಿದರೆ ಇನ್ನೂ ಒಳ್ಳೆಯದು. ಮಗು ಕಾಲು ಮಡಚಿಕೊಂಡರೆ ಏನೂ ಆಗುವುದಿಲ್ಲ, ಮನೆಯಲ್ಲೂ ಹಾಗೇ ತಾನೇ ಕೂರುವುದು. ಆದರೆ ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇದ್ದರೆ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಅಲ್ಲಿ ಎಂದೂ ಇಡಬೇಡಿ. ಏರ್‌ಬ್ಯಾಗು ಮಗುವಿನ ತಲೆಯ ಹಿಂಬದಿಗೇ ಸಿಡಿಯುತ್ತದೆ. ಹಿಂದಿನ ಎಡಗಡೆ ಸೀಟು ಅನುಕೂಲ, ಫುಟ್‌ಪಾತಿನ ಕಡೆಯಿಂದಲೇ ಹತ್ತಿಸಿ ಇಳಿಸಬಹುದು.

ಹೆಗಲ ಪಟ್ಟಿ ಹೊರಡುವ ತೂತು, ಹಿಂದಕ್ಕೆ ಮುಖವಾದರೆ ಹೆಗಲಿಗೆ ಸಮ ಅಥವಾ ಕೆಳಗೆ, ಮುಂದಕ್ಕಾದರೆ ಸಮ ಅಥವಾ ಮೇಲೆ. ಬಿಗಿದ ಮೇಲೆ ಕೊರಳೆಲುಬಿನ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಸಡಿಲವಿದೆ ಎಂದೇ ಅರ್ಥ. ಬಾಣಂತಿ ಮನೆಯಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಳ್ಳುವುದು ನಮ್ಮ ಪದ್ಧತಿ. ಆದರೆ ಕಾರ್ ಸೀಟಿನ ಒಂದು ಪಟ್ಟಿ ಕಾಲುಗಳ ನಡುವೆ ಬರುತ್ತದೆ, ಸುತ್ತಿದ ಮಗುವಿಗೆ ಅದು ಹಾಕಲಾಗುವುದಿಲ್ಲ. ಕಾಲು ಬೇರೆ ಬೇರೆಯಿರುವ ಬಟ್ಟೆ ತೊಡಿಸಿ, ಪಟ್ಟಿ ಬಿಗಿದು, ಮೇಲೆ ಶಾಲು ಹೊದಿಸಿ. ಮಡಿಕೇರಿಯ ಚಳಿಗೆ ತೊಡಿಸಿದ ಉಬ್ಬು ಸ್ವೆಟರನ್ನೂ ತೆಗೆದೇ ಬಿಗಿಯಬೇಕು. ಬಿಗಿ ಎನಿಸಿದ್ದು ಸ್ವೆಟರಿನ ಗಾಳಿ, ಡಿಕ್ಕಿಯಲ್ಲಿ ಅದು ಚಪ್ಪಟೆಯಾಗಿ ಮಗು ಜಾರುತ್ತದೆ. ಹಸುಗೂಸಿಗೆ ಸೀಟು ಸುಮಾರು 45 ಡಿಗ್ರಿ ಒರಗಿರಬೇಕು, ನೆಟ್ಟಗಿದ್ದರೆ ಗದ್ದ ಎದೆಗೆ ಬಿದ್ದು ಉಸಿರು ಕಟ್ಟುತ್ತದೆ. ದೂರದ ದಾರಿಯಾದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ಎತ್ತಿಕೊಳ್ಳಿ. ಹಾಲೂಡಿಸುವುದು ಕಾರು ನಿಂತಾಗ ಮಾತ್ರ.

ಬೂಸ್ಟರ್ ಎಂಬುದು ದುಬಾರಿ ವಸ್ತುವಲ್ಲ, ಮಾಯೆಯೂ ಅಲ್ಲ. ಮಗುವನ್ನು ಎತ್ತರಿಸಿ, ಕಾರಿನ ಬೆಲ್ಟು ಸೊಂಟಕ್ಕೂ ಹೆಗಲ ನಡುವಿಗೂ ಬರುವಂತೆ ಮಾಡುವ ಗಟ್ಟಿ ಪೀಠ ಅಷ್ಟೇ. ದಿಂಬು ಅದರ ಬದಲಿಯಲ್ಲ, ಡಿಕ್ಕಿಯಲ್ಲಿ ಕುಗ್ಗಿ ಮಗುವನ್ನು ಬೆಲ್ಟಿನಡಿಗೆ ಜಾರಿಸುತ್ತದೆ. ಹಿಂದಿನ ನಡುಸೀಟಿನಲ್ಲಿ ಸೊಂಟಕ್ಕೆ ಮಾತ್ರ ಪಟ್ಟಿಯಿರುವ ಕಾರಿನಲ್ಲಿ ಬೂಸ್ಟರನ್ನು ಅಲ್ಲಿ ಇಡಬಾರದು. ಬೂಸ್ಟರ್ ಬಿಡುವುದು ಯಾವಾಗ? ಬೆನ್ನು ಪೂರ್ತಿ ಒರಗಿ ಕೂತಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಬಾಗಬೇಕು, ಕೆಳಪಟ್ಟಿ ತೊಡೆಯ ಮೇಲ್ಭಾಗಕ್ಕೆ, ಮೇಲಿನದು ಹೆಗಲ ಮಧ್ಯಕ್ಕೆ ಬರಬೇಕು, ಮತ್ತು ಮಗು ಊರು ಮುಟ್ಟುವವರೆಗೂ ಹಾಗೇ ಕೂರಬೇಕು. ಕೊನೆಯದರಲ್ಲೇ ಹೆಚ್ಚಿನವರು ಫೇಲು.

ಇನ್ನು ಮಗುವೇ ಒಪ್ಪದಿದ್ದರೆ? ಒಂದೂವರೆಯಿಂದ ಮೂರು ವರ್ಷದವರೆಗೆ ಮೈ ಬಿಲ್ಲಿನಂತೆ ಬಗ್ಗಿಸಿ ಅರಚುವುದು ಸಾಮಾನ್ಯ. ಮೊದಲು ಬಕಲ್ ಮುಟ್ಟಿ ನೋಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ, ಕಲಬುರಗಿ ಬಳ್ಳಾರಿಯ ಏಪ್ರಿಲಿನಲ್ಲಂತೂ, ಲೋಹದ ನಾಲಿಗೆ ಚುರುಕ್ಕೆನ್ನುತ್ತದೆ. ಒಮ್ಮೆ ಸುಟ್ಟ ಮಗು ಆಮೇಲೆ ಸೀಟು ಕಂಡರೇ ಅಳುತ್ತದೆ. ಕಾರು ನಿಲ್ಲಿಸುವಾಗ ಸೀಟಿನ ಮೇಲೊಂದು ಬಿಳಿ ಪಂಚೆ ಹೊದಿಸಿದರೆ ಅರ್ಧ ರಗಳೆ ಮುಗಿಯಿತು. ಬಗ್ಗಿಸಿಕೊಂಡ ಮೈಯನ್ನು ಬಲವಂತವಾಗಿ ಒತ್ತಬೇಡಿ, ಹೊಟ್ಟೆಗೆ ಕಚಗುಳಿಯಿಟ್ಟರೆ ತಾನೇ ಮಡಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಕುಂಡಿ ಹಿಂದಕ್ಕೆ ಸರಿಸಿ ಪಟ್ಟಿ ಹಾಕಿ. 'ನಾನೇ ಹಾಕ್ಕೋತೀನಿ' ಎನ್ನುವ ವಯಸ್ಸಿಗೆ ಕ್ಲಿಕ್ ಮಾಡುವ ಕೆಲಸ ಮಗುವಿಗೆ ಕೊಡಿ, ಎಳೆದು ಬಿಗಿಯುವುದು ನಿಮ್ಮದು. ಯಾವ ಕೈ ಮೊದಲು ಎಂದು ಕೇಳಿ. ಹಾಕುವುದೋ ಬೇಡವೋ ಎಂದು ಕೇಳಬೇಡಿ. ಎಲ್ಲರ ಕ್ಲಿಕ್ ಕೇಳುವವರೆಗೆ ಕಾರು ಚಾಲೂ ಆಗದು ಎಂಬುದು ಅಜ್ಜ ಅಜ್ಜಿಗೂ ಅನ್ವಯ. ಬೆಲ್ಟಿಲ್ಲದೆ ಹಿಂದೆ ಕೂತ ದೊಡ್ಡವರು ಡಿಕ್ಕಿಯಲ್ಲಿ ಮಗುವಿನ ಮೇಲೇ ಬೀಳುತ್ತಾರೆ. ಅಜ್ಜಿಯ ಮಡಿಲು ತಪ್ಪಿತೆಂಬ ಬೇಸರಕ್ಕೆ ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿ, ಕೈ ಹಿಡಿದುಕೊಳ್ಳಲಿ. 'ಇಲ್ಲೇ ದೇವಸ್ಥಾನದವರೆಗೆ ತಾನೇ' ಎಂದು ಒಂದು ದಿನ ಬಿಟ್ಟರೆ ಮುಂದಿನ ಹದಿನೈದು ದಿನ ಅದೇ ಜಗಳ. ದಾರಿಯಲ್ಲಿ ಬಿಚ್ಚಿಕೊಂಡರೆ ಬೈಯದೆ ಪಕ್ಕಕ್ಕೆ ನಿಲ್ಲಿಸಿ, ಮತ್ತೆ ಹಾಕಿ, ಹೊರಡಿ. ಮಗು ಪದೇ ಪದೇ ಕೈ ಹೊರತೆಗೆದರೆ ತಪ್ಪು ಮಗುವಿನದಲ್ಲ, ಪಟ್ಟಿ ಸಡಿಲವಿದೆ.

ಬಕಲ್ ಕ್ಲಿಕ್ ಆಗದಿದ್ದರೆ ಒಳಗೆ ಬಿಸ್ಕತ್ತಿನ ಪುಡಿ, ಚಕ್ಕುಲಿ ಚೂರು ಸೇರಿರುತ್ತದೆ. ಉಗುರುಬಿಸಿ ನೀರಿನಲ್ಲಿ ಜಾಲಾಡಿಸಿ ಒಣಗಿಸಿ. ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಅಂಟಿ ಇನ್ನೂ ಕೆಡುತ್ತದೆ. ಹಿಂದಿನ ಗಾಜಿನ ಕೆಳಗಿಟ್ಟ ಪೂಜೆಯ ತೆಂಗಿನಕಾಯಿ, ಸ್ಟೀಲ್ ಟಿಫನ್ ಡಬ್ಬಿ ಹಿಂದಿನ ಸಾಮಾನಿನ ಜಾಗಕ್ಕೆ ಹೋಗಲಿ. ಅರ್ಧ ಕಿಲೋ ಕಾಯಿ ಅದೇ 20 ಪಟ್ಟಿನ ಲೆಕ್ಕದಲ್ಲಿ ಹತ್ತು ಕಿಲೋ.

ಕಾರಿಗೆ ಐದು ಸ್ಟಾರ್ ಇದೆಯಲ್ಲ ಎಂಬ ವಾದವೂ ಕೇಳಿಬರುತ್ತದೆ. ಕಾರನ್ನು ಡಿಕ್ಕಿ ಹೊಡೆಸಿ ನೋಡಿ ಸ್ಟಾರ್ ಕೊಡುವ, 2023ರ ಅಕ್ಟೋಬರಿನಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆ 49 ಅಂಕಗಳಿವೆ. ಆ ಪರೀಕ್ಷೆಗೆ 18 ತಿಂಗಳ ಹಾಗೂ 3 ವರ್ಷದ ಮಕ್ಕಳ ಬೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಬಿಗಿದು ಕೂರಿಸಿರುತ್ತಾರೆ. ಮಡಿಲಲ್ಲಿ ಕೂತ ಮಗುವಿಗೆ ಆ ಸ್ಟಾರುಗಳಲ್ಲಿ ಒಂದೂ ಸೇರುವುದಿಲ್ಲ. ಸನ್‌ರೂಫಿನಿಂದ ತಲೆ ಹೊರಹಾಕಿ ನಿಂತ ಮಗುವಿನ ಮಾತು ಬಿಡಿ.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಮೇಲೆ ಹಿಂದಿನ ಸೀಟಿನ ಬೆಲ್ಟಿನ ಚರ್ಚೆ ದೇಶದಲ್ಲಿ ಜೋರಾಯಿತು. ಬೆಲ್ಟಿನ ಎಚ್ಚರಿಕೆ ಸದ್ದನ್ನು ಅಡಗಿಸುವ ಕ್ಲಿಪ್ಪುಗಳ 13,118 ಮಾರಾಟ ಪಟ್ಟಿಗಳನ್ನು ಇ-ಕಾಮರ್ಸ್ ಕಂಪನಿಗಳಿಂದ ತೆಗೆಸಿದ್ದಾಗಿ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು. ಮಕ್ಕಳ ಸೀಟಿನ 'ಅಥವಾ' ಮಾತ್ರ ಹಾಗೇ ಉಳಿಯಿತು.

ನಾವು ಕೇಳುವುದು ದೊಡ್ಡದೇನಲ್ಲ. ಸ್ಕೂಟರಿಗೆ ಮಾಡಿದಂತೆ ನಿಯಮ 138ಕ್ಕೆ ಇನ್ನೊಂದು ಉಪನಿಯಮ: 15 ತಿಂಗಳವರೆಗೆ ಹಿಂದಕ್ಕೆ ಮುಖ; 135 ಸೆಂಟಿಮೀಟರ್ ಮುಟ್ಟುವವರೆಗೆ ಹಿಂದಿನ ಸೀಟು ಮತ್ತು ಮೈಗೆ ತಕ್ಕ ಮಕ್ಕಳ ಸೀಟು ಅಥವಾ ಬೂಸ್ಟರ್; ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಸೀಟಿಗೆ ನಿಷೇಧ. ಅದು ಕೇಂದ್ರದ ಕೈಯಲ್ಲಿದೆ, ರಾಜ್ಯ ಬರೆದು ಒತ್ತಾಯಿಸಬಹುದು. ದಂಡ ಒಂದು ವರ್ಷ ತಡವಾಗಲಿ, ಕೇರಳದಂತೆ ಗದ್ದಲಕ್ಕೆ ಸಿಕ್ಕಿ ಕೈಬಿಡುವುದಕ್ಕಿಂತ ಅದು ವಾಸಿ. ರಸ್ತೆಯ ಕ್ಯಾಮೆರಾಗಳ ಕಣ್ಣು ಮುಂದಿನ ಗಾಜಿನ ಮೇಲೆ. ಹಿಂದಿನ ಸೀಟನ್ನು ನೋಡಲು ಪೊಲೀಸರೇ ಬಗ್ಗಬೇಕು. ಸೀಟಿನ ಬೆಲೆ ಸಾವಿರಗಳಲ್ಲಿದೆ, ಹಸುಗೂಸಿನ ಸೀಟು ಬಳಕೆಗೆ ಬರುವುದು ಒಂದೂವರೆ ವರ್ಷವೂ ಇಲ್ಲ. ಆದ್ದರಿಂದ ಹೆರಿಗೆ ಆಸ್ಪತ್ರೆಗಳು ಇತಿಹಾಸ ಬರೆದಿಟ್ಟ ಕೆಲವು ಸೀಟುಗಳನ್ನು ಠೇವಣಿ ಪಡೆದು ಬಾಡಿಗೆಗೆ ಕೊಡುವ ಏರ್ಪಾಟು ಮಾಡಬಹುದು. ಲಸಿಕೆ ಕಾರ್ಡು ಕೈಗಿಡುವ ಹೊತ್ತಿಗೆ, ಪಟ್ಟಿ ಚಿವುಟಿ ನೋಡುವುದನ್ನೂ ನರ್ಸ್ ಒಮ್ಮೆ ಮಾಡಿ ತೋರಿಸಿದರೆ ಐದು ನಿಮಿಷದ ಕೆಲಸ.

— ಮಕ್ಕಳ ಪ್ರಯಾಣ ಸುರಕ್ಷತೆಯ ಕೆಲಸದಲ್ಲಿರುವ ಓದುಗರು, ಬೆಂಗಳೂರು